ಸಹಿಯ ತೂಕ

ಫೆಬ್ರವರಿ ಹನ್ನೊಂದು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೊಮ್ಮಗಳು ಬಾಗಿಲು ತಟ್ಟದೆ ಅಜ್ಜನ ಕೋಣೆಗೆ ನುಗ್ಗಿ, ಅವರ ಮೂಗಿನ ನೇರಕ್ಕೆ ಒಂದು ಫಾರಂ ಹಿಡಿದಳು.

“ಅಜ್ಜ, ಕೆಳಗಡೆ ಒಂದು ಸಹಿ. ಬೇಗ. ಐದು ಗಂಟೆಗೆ ಟ್ಯೂಷನ್ ಸರ್ ಬೀಗ ಹಾಕ್ಕೊಂಡು ಹೊರಟುಹೋಗ್ತಾರೆ.”

ಅಜ್ಜ ಕನ್ನಡಕ ಏರಿಸಿ ಓದತೊಡಗಿದರು. ಕಣ್ಣು ಮುಚ್ಚಿ ಸಹಿ ಹಾಕುವುದು ಅವರ ಜಾಯಮಾನದಲ್ಲಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಮೂವತ್ತೆರಡು ವರ್ಷ ಅಂಗಡಿ ಅಂಗಡಿ ಸುತ್ತಿ, ತಾವೇ ತೂಗಿ ನೋಡದ ಒಂದು ತೂಕದ ಬಟ್ಟಿನ ಮೇಲೂ ಮುದ್ರೆ ಒತ್ತದ ಮನುಷ್ಯ.

“‘ಹಿರಿಯರೊಬ್ಬರ ಜೊತೆ ಕಳೆದ ಸಮಯ: ಇಪ್ಪತ್ತು ಗಂಟೆ.’ ಯಾರಮ್ಮ ಈ ಹಿರಿಯರು?”

“ನೀವೇ!”

“ನನಗೇ ಗೊತ್ತಾಗಲಿಲ್ವಲ್ಲೇ!”

“ಹೋದ ತಿಂಗಳು ದಿನಾ ಸಾಯಂಕಾಲ ನಾನು ಇದೇ ರೂಮಲ್ಲಿ ಕೂತಿರಲಿಲ್ವಾ?”

“ಕೂತಿದ್ದೆ ನೀನು, ಲೆಕ್ಕದ ಪುಸ್ತಕದೊಳಗೆ ಮುಖ ಇಟ್ಕೊಂಡು. ಆ ಬೀರುನೂ ದಿನಾ ಇಲ್ಲೇ ನಿಂತಿತ್ತು. ಅದಕ್ಕೂ ಒಂದು ಸಹಿ ಹಾಕ್ಕೊಡ್ಲಾ?”

ಅವಳ ಕಣ್ಣಲ್ಲಿ ನೀರಾಡಿತು. ದೇಶಕ್ಕೇ ದೊಡ್ಡದೆನಿಸಿಕೊಂಡ ಕಾಲೇಜೊಂದಕ್ಕೆ ಅವಳು ಅರ್ಜಿ ಹಾಕಲು ಇನ್ನೂ ಆರು ವರ್ಷವಿತ್ತು. ಬಾಯಲ್ಲಿ ಎರಡು ಹಾಲುಹಲ್ಲು ಬೀಳುವುದು ಬಾಕಿಯಿತ್ತು. ಆದರೆ ಆ ಅರ್ಜಿಗೆಂದು ಟ್ಯೂಷನ್‌ನಲ್ಲಿ ಈಗಲೇ ಒಬ್ಬೊಬ್ಬರಿಗೂ ಒಂದು ಫೈಲು ತೆರೆದಾಗಿತ್ತು. ಅವಳದರಲ್ಲಿ ಈಜಿನ ಪುಟ ತುಂಬಿತ್ತು, ಕೀಬೋರ್ಡಿನ ಪುಟ ತುಂಬಿತ್ತು, ಭಾಷಣದ ಪುಟವೂ ತುಂಬಿತ್ತು. ಈ ಫಾರಂ ಸೇರಬೇಕಾದ ಸೇವೆಯ ಪುಟವೊಂದು ಖಾಲಿ. ಖಾಲಿ ಪುಟದವರ ಹೆಸರನ್ನು ಸರ್ ಸೋಮವಾರ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬೋರ್ಡಿನಲ್ಲಿ ಹೆಸರು ಬಂದ ಮೇಲೆ ಕಾಲೇಜಿನ ಆಸೆ ಬಿಟ್ಟಂತೆಯೇ ಎಂದು ಆರನೇ ಕ್ಲಾಸಿನವರೆಲ್ಲ ಆಗಲೇ ತೀರ್ಮಾನಿಸಿಬಿಟ್ಟಿದ್ದರು.

“ಅಳಬೇಡ. ಅಳೆದು ನೋಡಿ ಹಾಕ್ತೀನಿ” ಎಂದು ಅಜ್ಜ ಮೇಜಿನ ಖಾನೆಯಿಂದ ಹಳೆಯ ಸ್ಟಾಪ್‌ವಾಚ್ ತೆಗೆದರು. “ನೀನು ನನ್ನ ಜೊತೆ ಇದ್ದಾಗ ಓಡುತ್ತೆ. ಮನಸ್ಸು ಕಾಲೇಜಿಗೆ ಹೋದ ಕೂಡಲೇ ನಿಲ್ಲುತ್ತೆ. ಶುರು!”

“ಅಜ್ಜ, ನಿಮ್ಮ ಬಾಲ್ಯ ಹೇಗಿತ್ತು?” ಎಂದು ಕೇಳಿದವಳು ಗೋಡೆಯ ಗಡಿಯಾರ ನೋಡಿದಳು. ಟಕ್, ವಾಚು ನಿಂತಿತು. “ನಿಮಗೆ ಯಾವ ಬಣ್ಣ ಇಷ್ಟ?” ಎಂದು ಮತ್ತೆ ಫಾರಮ್ಮಿನ ಕಡೆ ನೋಡಿದಳು. ಟಕ್. ಅರ್ಧ ಗಂಟೆ ಹೀಗೇ ನಡೆದ ಮೇಲೆ ಅಜ್ಜ ಫಲಿತಾಂಶ ಓದಿದರು: “ಎರಡು ನಿಮಿಷ ಹತ್ತು ಸೆಕೆಂಡು.”

“ಮೋಸ!”

“ಮೋಸ ಹಿಡಿಯೋದೇ ನನ್ನ ಕೆಲಸವಾಗಿತ್ತಮ್ಮ.”

ಮುಖ ಊದಿಸಿಕೊಂಡು ಅವಳು ಕಿಟಕಿಯತ್ತ ತಿರುಗಿದಳು. ಅಲ್ಲಿ, ಅಜ್ಜ ಇಲಾಖೆಯ ಹರಾಜಿನಲ್ಲಿ ಕೊಂಡುತಂದ ತಕ್ಕಡಿ ತನ್ನ ಗಾಜಿನ ಪೆಟ್ಟಿಗೆಯೊಳಗೆ ಕೂತಿತ್ತು.

“ಇದರಲ್ಲಿ ನೀವು ತೂಗಿರೋದರಲ್ಲಿ ಎಲ್ಲಕ್ಕಿಂತ ಹಗುರದ್ದು ಯಾವುದು?” ಸಿಟ್ಟಿನಲ್ಲೇ ಕೇಳಿದಳು.

“ಒಂದು ಸಹಿ. ಕೆಲಸಕ್ಕೆ ಸೇರಿದಾಗ ನಮಗೆ ತೂಗೋದು ಹಾಗೇ ಕಲಿಸಿದ್ದು. ಖಾಲಿ ಕಾಗದ ತೂಗೋದು, ಸಹಿ ಹಾಕಿ ಮತ್ತೆ ತೂಗೋದು.”

“ಸುಳ್ಳು. ಸಹಿಗೆಲ್ಲಿ ತೂಕ ಇರುತ್ತೆ?”

“ಒಂದು ಚೂರು ಕಾಗದ ಕೊಡು, ನೋಡೇಬಿಡೋಣ.”

ಅವಳು ಅತ್ತಿತ್ತ ನೋಡಿದಳು. ಕೈಗೆ ಸಿಕ್ಕಿದ್ದನ್ನು ತಕ್ಕಡಿಯ ತಟ್ಟೆಗೆ ಹಿಡಿದು ನೋಡಿ, ದೊಡ್ಡದಾಯಿತೆಂದು ಕೆಳತುದಿಯ ಒಂದು ಪಟ್ಟಿಯನ್ನು ಪರ್ರನೆ ಹರಿದಳು. ಅಜ್ಜ ಕಾಗದವನ್ನು ನೋಡಿದರು, ಅವಳನ್ನು ನೋಡಿದರು, ಏನೋ ಹೇಳಹೊರಟವರು ಕೆಮ್ಮಿ, ಚಿಮುಟ ಚಾಚಿದರು.

“ಬೆರಳು ತಾಗಿಸಬೇಡ, ಬೆವರೂ ತೂಗುತ್ತೆ. ಚಿಮುಟದಲ್ಲಿ ಹಿಡಿ. ಹ್ಞಾಂ, ಈಗ ಗಾಜು ಮುಚ್ಚು. ಮುಳ್ಳು ನಿಲ್ಲೋವರೆಗೂ ಉಸಿರು ಅತ್ತ ಕಡೆ ಬಿಡು.”

ಖಾಲಿ ಪಟ್ಟಿಯನ್ನು ಅವಳು ಮೂರು ಸಲ ತೂಗಿದಳು. ಮೂರು ಸಲವೂ ಒಂದೇ ತೂಕ ಬಂದ ಮೇಲೆಯೇ ನಂಬಿದ್ದು. ಅಜ್ಜ ಶಾಯಿಪೆನ್ನಿನಲ್ಲಿ ಪಟ್ಟಿಯ ಮೇಲೆ ಸಹಿ ಎಳೆದರು. ಮತ್ತೆ ತಟ್ಟೆಗಿಟ್ಟಾಗ ಮುಳ್ಳು ಬೇರೆ ಕಡೆ ನಿಂತಿತು.

“ಅಜ್ಜ! ಮೂರು ಮಿಲಿಗ್ರಾಂ ಜಾಸ್ತಿ! ಅಯ್ಯೋ, ಇದೇನು, ಮುಳ್ಳು ತಾನಾಗೇ ವಾಪಸ್ ಬರ್ತಿದೆ!”

“ಶಾಯಿ ಒಣಗ್ತಿದೆ. ನೀರೆಲ್ಲ ಗಾಳಿಗೆ ಹೋಗುತ್ತಲ್ಲ. ಸಾಕು ಬಿಡು, ಮೂರು ಅಂತ ಬರ್ಕೋ. ನಿನಗೆ ಹೊತ್ತಾಯ್ತು.”

“ಹಾಗೆ ಹೇಗೆ ಬರ್ಕೊಳ್ಳೋದು? ಅದು ನೀರಿನ ತೂಕ, ಸಹಿದಲ್ಲ. ಪೂರ್ತಿ ಒಣಗಲಿ. ಕಾಯೋಣ.”

ಕಾದರು. ಇಬ್ಬರೂ ಗಲ್ಲಕ್ಕೆ ಕೈಯಾನಿಸಿ ಮುಳ್ಳನ್ನೇ ನೋಡುತ್ತ ಕೂತರು. ಇಂಥ ಒಳ್ಳೆಯ ಹೊತ್ತಿನಲ್ಲಿ ಸ್ಟಾಪ್‌ವಾಚಿನ ಗುಂಡಿ ಒತ್ತುವುದನ್ನು ಮಾತ್ರ ಆ ಇನ್‌ಸ್ಪೆಕ್ಟರ್ ಮಹಾಶಯರು ಪೂರ್ತಿ ಮರೆತಿದ್ದರು.

ಬಾಗಿಲು ತೆರೆದು ಅಮ್ಮ ಒಳಗೆ ಬಂದಳು. “ಐದೂಕಾಲು! ಇನ್ನೂ ಇಲ್ಲೇ ಇದ್ದೀಯಾ? ಆ ಸರ್ ಎರಡು ಸಲ ಫೋನ್ ಮಾಡಿದ್ರು.” ನೆಲದ ಮೇಲೆ ಬಿದ್ದಿದ್ದ ಫಾರಂ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. “ಅಪ್ಪಾ, ಇದರ ಸಹಿ ಹಾಕೋ ಜಾಗ ಎಲ್ಲಿ?”

“ತಕ್ಕಡೀಲಿದೆ” ಎಂದಳು ಮಗಳು, ತಲೆ ತಿರುಗಿಸದೆ. “ಅಮ್ಮ, ಒಳಗೆ ಬಾ, ಇಲ್ಲ ಹೊರಗೆ ಹೋಗು. ಬಾಗಿಲು ಹಾಕು ಮೊದಲು. ಗಾಳಿಗೆ ಮುಳ್ಳು ಅಲ್ಲಾಡುತ್ತೆ!”

ಅಮ್ಮ ಬಾಗಿಲು ಹಾಕಿದಳು. ಉಸಿರನ್ನೂ ಬಿಗಿಹಿಡಿದು ನಿಂತಳು. ಮುಳ್ಳು ಒಮ್ಮೆ ನಡುಗಿ ನಿಂತಿತು. ಹುಡುಗಿ ತನ್ನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗುಂಡಗೆ ಬರೆದಳು: ಅಜ್ಜನ ಸಹಿ, ಪೂರ್ತಿ ಒಣಗಿದ ಮೇಲೆ, ಸೊನ್ನೆ ಪಾಯಿಂಟ್ ನಾಲ್ಕು ಮಿಲಿಗ್ರಾಂ.