ನೂಲು ಕಟ್ಟದ ಚೀಟಿ

ಜಲಜಾಕ್ಷಿ ಜಗಲಿಯ ಮೂಲೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಎಲೆಯಲ್ಲಿ ಹೊಗೆಸೊಪ್ಪು ಹರಡಿ ಸುರುಳಿ ಸುತ್ತುವುದು, ತುದಿಯನ್ನು ಉಗುರಿನಿಂದ ಒಳಗೊತ್ತಿ ಮಡಚುವುದು, ನೂಲು ಸುತ್ತಿ ಮೊರಕ್ಕೆ ಹಾಕುವುದು. ನಾಳೆ ಪಂಚಾಯತ್ ಚುನಾವಣೆ. ಮೈಕುಗಳು ನಿನ್ನೆ ಸಂಜೆಗೇ ನಿಂತಿದ್ದವು. ವಾರ್ಡಿನ ಅಭ್ಯರ್ಥಿ, ಅವಳ ಗಂಡನ ಅಣ್ಣ ಲೋಕನಾಥ, ಕುರ್ಚಿಯಲ್ಲಿ ಕುಳಿತು ಕಾಲು ಅಲ್ಲಾಡಿಸುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅವನ ಮನೆಯ ಹಿಂದಿನ ಕೋಣೆಯೇ ಅವಳಿಗೂ ಮಗಳಿಗೂ ಮನೆ.

"ದೊಡ್ಡಪ್ಪ, ನಮ್ಮ ಮನೆಯ ಓಟು ಮುಗೀತು. ಇನ್ನು ಎಣಿಸುವುದು." ಐದನೇ ಕ್ಲಾಸಿನ ನಿಖಿತಾ ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ನೆಲದ ಮೇಲಿಟ್ಟಳು. ಪ್ರತಿಯೊಬ್ಬರೂ ಮನೆಯಲ್ಲೊಂದು ಚುನಾವಣೆ ನಡೆಸಿ, ಫಲಿತಾಂಶ ಬರೆದು ತರಬೇಕೆಂದು ಕ್ಷಮಾ ಟೀಚರ್ ಹೇಳಿದ್ದರು. ದೋಸೆಯೋ ಇಡ್ಲಿಯೋ ಎಂದು ಕೇಳಿದರೂ ಸಾಕಿತ್ತು. ನಿಖಿತಾ ಗೋಡೆಯ ಪೋಸ್ಟರುಗಳನ್ನು ನೋಡಿ, ತನ್ನದೂ ಸೇರಿ ನಾಲ್ಕು ಚೀಟಿಗಳ ಮೇಲೆ ಎರಡು ಹೆಸರು ಬರೆದಿದ್ದಳು: ಲೋಕನಾಥ, ಅವನ ಎದುರು ನಿಂತ ಅಮ್ಮಣಿ.

ಜಲಜಾಕ್ಷಿಯ ಕೈ ನಿಧಾನವಾಯಿತು. ಶಾಲೆಯಲ್ಲಿ ಟೀಚರ್ ಬಿಚ್ಚುವ ಪೆಟ್ಟಿಗೆ ಎಂದುಕೊಂಡಿದ್ದಳು ಅವಳು. ಮಧ್ಯಾಹ್ನ ಅಡಿಗೆಕೋಣೆಯ ಬಾಗಿಲ ಹಿಂದೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದ ಮಗಳು ಚೀಟಿ ಕೊಟ್ಟು, "ನಾನೂ ನೋಡುವುದಿಲ್ಲ ಅಮ್ಮ, ಇದು ಗುಪ್ತ" ಎಂದು ಎರಡೂ ಕೈಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ಯಾರೂ ನೋಡದೆ ತನಗೆ ಬೇಕಾದದ್ದನ್ನು ಮಾಡಿ ಎಷ್ಟು ವರ್ಷವಾಗಿತ್ತೋ. ಜಲಜಾಕ್ಷಿ ಅಮ್ಮಣಿಯ ಹೆಸರಿನ ಮುಂದೆ ಗುರುತು ಹಾಕಿದ್ದಳು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಇವಳ ಬೀಡಿಯನ್ನು ಕಸವೆಂದು ತಳ್ಳಿದ ದಿನ, ಅಷ್ಟುದ್ದದ ಸಾಲಿನಲ್ಲಿ ಇವಳ ಪರವಾಗಿ ಬಾಯಿ ತೆರೆದವಳು ಅಮ್ಮಣಿ ಒಬ್ಬಳೇ.

"ಎಣಿಸುವುದು ನಾನು. ನಾನೇ ಅಧಿಕಾರಿ" ಎಂದಳು ನಿಖಿತಾ.

"ಆಗಲಿ ಮಾರಾಯ್ತಿ, ನೀನು ಅಧಿಕಾರಿ, ನಾನು ನಿನ್ನ ಪ್ಯೂನು." ಲೋಕನಾಥ ನಗುತ್ತಾ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡ. "ಅಮ್ಮ, ನೀವು ಯಾರಿಗೆ ಹಾಕಿದ್ದು?"

"ಹೆತ್ತದ್ದು ನಿನ್ನನ್ನು. ಬೇರೆ ಯಾರಿಗೆ ಹಾಕಲಿ?" ಎಂದರು ಬಾಗಿಲಲ್ಲಿ ಕುಳಿತಿದ್ದ ಅಜ್ಜಿ.

"ಅಜ್ಜಿ! ಹೇಳ್ಲಿಕ್ಕಿಲ್ಲ!"

"ಭಾವ, ಮಕ್ಕಳಾಟ ಅದು" ಎಂದಳು ಜಲಜಾಕ್ಷಿ. "ಅವಳು ಶಾಲೆಗೆ ತಕೊಂಡು ಹೋಗಲಿ. ಚಾ ಮಾಡ್ತೇನೆ."

"ಚಾ ಆಮೇಲೆ ಆಗಬಹುದು. ನಾಲ್ಕಕ್ಕೆ ನಾಲ್ಕು ಬಿದ್ದ ಶಕುನ ನೋಡಿಯೇ ಕುಡಿಯುವಾ." ಅವನು ಪೆಟ್ಟಿಗೆಯನ್ನು ನೆಲಕ್ಕೆ ಮಗುಚಿದ.

ಮೂರು ಚೀಟಿಗಳು ಬಿದ್ದಲ್ಲೇ ಚಪ್ಪಟೆಯಾಗಿ ಉಳಿದವು. ನಾಲ್ಕನೆಯದು ಉರುಳಿತು. ಉರುಳುತ್ತಾ ಬಂದು ಬೀಡಿಯ ಮೊರಕ್ಕೆ ತಾಗಿ ನಿಂತಿತು. ಸಣ್ಣಗೆ, ಬಿಗಿಯಾಗಿ ಸುತ್ತಿದ ಸುರುಳಿ, ತುದಿಯನ್ನು ಉಗುರಿನಿಂದ ಒಳಗೊತ್ತಿ ಮಡಚಿದ್ದು. ಜಲಜಾಕ್ಷಿ ಅದನ್ನೇ ನೋಡಿದಳು. ಯಾವಾಗ ಹಾಗೆ ಸುತ್ತಿದೆನೆಂದು ಅವಳಿಗೆ ನೆನಪೇ ಇರಲಿಲ್ಲ. ಕೈ ತನ್ನಷ್ಟಕ್ಕೆ ಮಾಡಿದ ಕೆಲಸ. ಎತ್ತಿ ಎಲೆಗಳ ಅಡಿಗೆ ತಳ್ಳಿಬಿಡಲು ಒಂದು ಗೇಣು ಕೈ ಚಾಚಿದ್ದರೆ ಸಾಕಿತ್ತು. ಬೆರಳು ಏಳಲಿಲ್ಲ.

"ಲೋಕನಾಥ, ಒಂದು" ಎಂದಳು ನಿಖಿತಾ, ಚೀಟಿ ಬಿಡಿಸುತ್ತಾ. "ಲೋಕನಾಥ, ಎರಡು. ಲೋಕನಾಥ, ಮೂರು."

ಲೋಕನಾಥ ಬಗ್ಗಿ ನಾಲ್ಕನೆಯದನ್ನು ಹೆಕ್ಕಿದ. ಬಿಡಿಸಲು ಅವನಿಗೂ ಉಗುರು ಬೇಕಾಯಿತು. ಓದಿದ. ನಗು ಮುಖದಲ್ಲಿ ಹಾಗೆಯೇ ಉಳಿದಿತ್ತು.

"ಯಾರಿಗೆ ದೊಡ್ಡಪ್ಪ?"

"ನೀನೇ ಓದು."

"ಅಮ್ಮಣಿ, ಒಂದು." ನಿಖಿತಾ ತಟ್ಟನೆ ಸೇರಿಸಿದಳು, "ಯಾರು ಹಾಕಿದ್ದು ಅಂತ ಕೇಳ್ಬಾರದು. ರೂಲ್ ಉಂಟು."

"ನಾನು ಕೇಳಿದೆನಾ?" ಅವನು ಕಾಗದವನ್ನು ಮತ್ತೆ ಮೊದಲಿನ ಹಾಗೆಯೇ ಸುತ್ತಿ, ಮೊರದಲ್ಲಿ ಬೀಡಿಗಳ ಸಾಲಿನ ಕೊನೆಗೆ ಇಟ್ಟ. "ಇದಕ್ಕೆ ಒಂದು ನೂಲು ಮಾತ್ರ ಕಡಿಮೆ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು.

ಲೋಕನಾಥ ಎದ್ದು ಒಳಗೆ ಹೋದ. ಟಿವಿಯ ಪಕ್ಕದಲ್ಲಿ ನಾಳೆಗೆಂದು ಎಲ್ಲರ ಗುರುತಿನ ಚೀಟಿಗಳನ್ನು ರಬ್ಬರ್ ಹಾಕಿ ಇಟ್ಟಿದ್ದರು. ಅವನು ರಬ್ಬರ್ ಬಿಚ್ಚಿದ ಸದ್ದು ಜಗಲಿಗೆ ಕೇಳಿಸಿತು. ಹೊರಗೆ ಬಂದಾಗ ಒಂದು ಕಾರ್ಡು ಅವನ ಅಂಗಿಯ ಜೇಬಿಗೆ ಇಳಿಯುತ್ತಿತ್ತು. ಕಿವಿಯ ಮೇಲಕ್ಕೆ ಕೂದಲು ಎಳೆದುಕೊಂಡ ಜಲಜಾಕ್ಷಿಯ ಹಳೆಯ ಫೋಟೋ ಒಂದು ಕ್ಷಣ ಕಂಡಿತು.

"ಜಲಜಾ, ನಾಳೆ ನೀನು ಬೂತಿಗೆ ಬರುವುದು ಬೇಡ. ಅಷ್ಟು ಜನಕ್ಕೆ ಊಟ ಬೇಯಿಸ್ಲಿಕ್ಕೆ ಮನೆಯಲ್ಲಿ ಒಬ್ಬರು ಬೇಕಲ್ಲ." ದನಿ ತಣ್ಣಗಿತ್ತು. "ನಾಡಿದ್ದು ಕೂತು ಮಾತಾಡುವಾ. ಆ ಹಿಂದಿನ ಕೋಣೆಯ ವಿಷಯವೂ ಉಂಟು."

ಜಲಜಾಕ್ಷಿ ತಲೆ ತಗ್ಗಿಸಿದಳು. ಎಡಗೈಯ ತೋರುಬೆರಳಿನ ಉಗುರಿನ ಮೇಲೆ ಮಗಳು ಸ್ಕೆಚ್ ಪೆನ್ನಿನಲ್ಲಿ ಹಾಕಿದ ನೀಲಿ ಗೆರೆ ಇನ್ನೂ ಇತ್ತು. ಅವಳು ಆ ಬೆರಳನ್ನು ಎಲೆಗಳ ಅಡಿಗೆ ಸೇರಿಸಿದಳು.

ನಿಖಿತಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಒಟ್ಟು ಮತದಾರರು ನಾಲ್ಕು. ಹಾಕಿದ ಮತ ನಾಲ್ಕು. ಪೆನ್ನು ನಿಲ್ಲಿಸಿ ತಲೆ ಎತ್ತಿದಳು. ಅಮ್ಮನ ಮುಖ ನೋಡಿದಳು, ದೊಡ್ಡಪ್ಪನ ಜೇಬು ನೋಡಿದಳು.

"ದೊಡ್ಡಪ್ಪ, ಅಮ್ಮನ ಕಾರ್ಡ್ ಅಮ್ಮನಿಗೆ ಕೊಡಿ."

ಅಜ್ಜಿ ಅಂಗಳದ ಕಡೆಗೆ ಮುಖ ತಿರುಗಿಸಿದರು. ಜಲಜಾಕ್ಷಿ ಇನ್ನೊಂದು ಎಲೆ ತೆಗೆದುಕೊಂಡಳು.

"ಕೊಡಿ ದೊಡ್ಡಪ್ಪ."