ಮೇಷ್ಟ್ರ ಕೊನೆಯ ಮಾತು

"ಸಹಿ ಹಾಕಿಬಿಡಿ ಅಮ್ಮಾ," ಎಂದು ಮುರಳೀಕೃಷ್ಣ ಕಾಗದವನ್ನು ಮೂರನೇ ಸಲ ಜಲಜಮ್ಮನವರ ಕಡೆಗೆ ತಳ್ಳಿದ.

ಜಲಜಮ್ಮ ಮೂರನೇ ಸಲವೂ ಅದನ್ನು ಹಿಂದಕ್ಕೆ ತಳ್ಳಿದರು. ಅವರ ಯಜಮಾನರು ಪದ್ಮನಾಭ ಮೇಷ್ಟ್ರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಚಂದ್ರಾ ಲೇಔಟಿನ ಆ ಪುಟ್ಟ ಮನೆಯಲ್ಲಿ ಮೇಷ್ಟ್ರ ಶಿಷ್ಯರು ನಾಲ್ವರು ಬಿಗಿದುಕೊಂಡು ಕೂತಿದ್ದರು. ಕೊಟ್ಟ ಕಾಫಿ ಕೆನೆ ಕಟ್ಟಿತ್ತು.

ಬಂದ ಕೂಡಲೇ ಮುರಳೀಕೃಷ್ಣನ ಕಣ್ಣು ಬಿದ್ದದ್ದು ಮೇಷ್ಟ್ರ ಫೋಟೋದ ಮುಂದಿದ್ದ ದೀಪದ ಮೇಲೆ.

"ಇದನ್ನ ಯಾರು ಹಚ್ಚಿಟ್ಟಿದ್ದು?"

"ಪಕ್ಕದ್ಮನೆ ಇಂದ್ರಮ್ಮ. ಪಾಪ, ಒಳ್ಳೇ ಮನಸ್ಸಿಂದ ಹಚ್ಚಿದ್ರು."

"ನಮ್ಮಲ್ಲಿ ಈ ಪದ್ಧತಿ ಇಲ್ಲ ಅಂತ ನೀವಾದ್ರೂ ಹೇಳ್ಬೇಕಿತ್ತು," ಎಂದು ದೀಪವನ್ನು ಎತ್ತಿ ಅಡುಗೆಮನೆ ಕಟ್ಟೆಯ ಮೇಲಿಟ್ಟು ಬಂದಿದ್ದ. ನೇಮನಿಷ್ಠೆಯಲ್ಲಿ ಅವನು ಗುರುವನ್ನೂ ಮೀರಿಸಿದವನು.

ಕಾಗದದಲ್ಲಿದ್ದದ್ದು ಕಲ್ಲಿನಲ್ಲಿ ಕೆತ್ತಿಸಬೇಕಾದ ಬರಹ. ಕಲ್ಲು ಸಂಘದ ಭವನದ ಗೋಡೆಗೆ ಕೂರಬೇಕು, ಭವನಕ್ಕೆ ಮೇಷ್ಟ್ರ ಹೆಸರು ಬರಬೇಕು. ಬಿನ್ನಿಪೇಟೆಯಿಂದ ಮಲ್ಲತ್ತಹಳ್ಳಿವರೆಗೆ ಸೈಕಲ್ ತುಳಿದು, ಮನೆಮನೆಯ ಬಾಗಿಲು ತಟ್ಟಿ ಅವರು ಕಟ್ಟಿಸಿದ ಭವನ ಅದು. ನಲವತ್ತು ವರ್ಷ, ಪ್ರತಿ ಭಾನುವಾರ, ಅಲ್ಲಿ ಎದ್ದು ನಿಂತು ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು. ಸೇರಿದವರೆಲ್ಲ ಒಕ್ಕೊರಲಿನಿಂದ ಒಂದೇ ಉತ್ತರ ಕೊಡುತ್ತಿದ್ದರು. ಸಾಯುವಾಗ ಮೇಷ್ಟ್ರ ಬಾಯಲ್ಲಿ ಬಂದದ್ದೂ ಅದೇ ಉತ್ತರ ಎಂದು ಬರಹದ ಕೊನೆಯ ಸಾಲು ಹೇಳುತ್ತಿತ್ತು. ಆ ಹೊತ್ತಿನಲ್ಲಿ ಹತ್ತಿರವಿದ್ದದ್ದು ಹೆಂಡತಿಯೊಬ್ಬರೇ. ಆದ್ದರಿಂದ ಸಹಿ ಅವರದೇ ಬೇಕಿತ್ತು.

"ಅವರು ಹಾಗನ್ನಲಿಲ್ಲ ಕಣಪ್ಪಾ," ಎಂದರು ಜಲಜಮ್ಮ. "ನಿಮ್ಮ ಭಾನುವಾರದ ಪ್ರಶ್ನೆ ನಾನೇ ಕೇಳ್ದೆ. ನಕ್ಕು, 'ಗೊತ್ತಿಲ್ಲ ಕಣೇ' ಅಂದ್ರು. ಅಷ್ಟೇ."

"ಆಗ ಅವರಿಗೆ ಪ್ರಜ್ಞೆ ಸರಿಯಾಗಿರಲಿಲ್ಲ ಬಿಡಿ," ಎಂದ ಮುರಳೀಕೃಷ್ಣ.

"ಚೆನ್ನಾಗೇ ಇತ್ತು. ಅದಕ್ಕೆ ಮುಂಚೆ ಕಾಫಿಗೆ ಸಕ್ಕರೆ ಜಾಸ್ತಿ ಆಯ್ತು ಅಂತ ನನ್ನನ್ನ ಬೈದಿದ್ರು."

"ಈ ಮಾತು ಹೊರಗೆ ಹೋದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಅವರನ್ನ ನೋಡಿ ದಾರಿಗೆ ಬಂದೋರು ಎಷ್ಟು ಜನ! ಅವರ ನಂಬಿಕೆ ಅಲ್ಲಾಡಿಹೋಗುತ್ತೆ. ಇದು ಮೇಷ್ಟ್ರಿಗೆ ಮಾಡೋ ಅಪಚಾರ ಅಮ್ಮಾ."

"ಸುಳ್ಳು ಕೆತ್ತಿಸೋದು ಅಪಚಾರ ಅಲ್ವಾ?"

ಅವನ ದನಿ ಗಡುಸಾಯಿತು. "ಸಹಿ ಇಲ್ಲದಿದ್ರೆ ಭವನಕ್ಕೆ ಅವರ ಹೆಸರು ಇಡೋಕಾಗಲ್ಲ. ಸಮಿತಿ ತೀರ್ಮಾನ."

ಆ ಗೋಡೆಯ ಮೇಲೆ ಗಂಡನ ಹೆಸರು ನೋಡುವ ಆಸೆ ಜಲಜಮ್ಮನವರಿಗೇನು ಕಡಿಮೆಯಿತ್ತೇ? ಆ ಸೈಕಲ್ಲಿನ ಕ್ಯಾರಿಯರ್‌ಗೆ ಬುತ್ತಿ ಕಟ್ಟಿ ಕಳಿಸಿದವರು ಅವರೇ. ಆದರೆ ನಲವತ್ತು ವರ್ಷ ಒಂದೇ ಪಾಠ ಒಪ್ಪಿಸಿದ ಮನುಷ್ಯ ಕೊನೆಗೊಂದು ಸಲ ಧೈರ್ಯ ಮಾಡಿ ತಮ್ಮ ಮನಸ್ಸಿನಲ್ಲಿದ್ದುದನ್ನು ಆಡಿದ್ದರು. ಇವರು ಅದನ್ನು ಮುಚ್ಚಿಹಾಕಲು ಬಂದಿದ್ದರು.

"ಪೆನ್ ಕೊಡು," ಎಂದರು.

ಮುರಳೀಕೃಷ್ಣನ ಮುಖ ಅರಳಿತು. ಜಲಜಮ್ಮ ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನಲ್ಲಿ ಒಂದಕ್ಷರ ಹೊಡೆದುಹಾಕಿ, ಅದರ ಮೇಲೆ ಎರಡಕ್ಷರ ಬರೆದರು. ಕೆಳಗೆ ದಪ್ಪಗೆ ಸಹಿ ಹಾಕಿದರು.

"ಇದನ್ನ ಕೆತ್ತಿಸೋ ಧೈರ್ಯ ಇದ್ರೆ ಹೆಸರಿಡಿ. ಇಲ್ದಿದ್ರೆ ಬೇಡವೇ ಬೇಡ. ಕಾಫಿ ಬಿಸಿ ಮಾಡ್ಕೊಡ್ಲಾ?"

ಅವರು ಎದ್ದು ಅಡುಗೆಮನೆಗೆ ನಡೆದರು. ಮುರಳೀಕೃಷ್ಣ ಕಾಗದ ಎತ್ತಿಕೊಂಡ. 'ಇಲ್ಲ' ಎಂಬಲ್ಲಿ 'ಇ' ಹೋಗಿ 'ಗೊತ್ತಿ' ಬಂದಿತ್ತು.

"ವಿಜಯನಗರ ನಾಸ್ತಿಕ ಸಂಘದ ಸಂಸ್ಥಾಪಕರು ಕೊನೆಯುಸಿರಿನಲ್ಲಿ ನುಡಿದದ್ದು: ದೇವರಿದ್ದಾನೆಯೇ? ಗೊತ್ತಿಲ್ಲ."