ಪ್ರಬಂಧಕ್ಕೊಂದು ಸಾವು

"ಇತ್ತೀಚೆಗೆ ನಿಮ್ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ, ಸೆಲಾ?" ಲ್ಯಾಪ್‌ಟಾಪಿನ ಪರದೆಯೊಳಗಿಂದ ಬ್ರಾಡಿ ಕೇಳಿದ. ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ವಿಚಾರಿಸುವವನ ದನಿ.

ಸೆಲಾ ಮಿಲ್ಡುರಾ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಡಾಕ್ಟರಾಗುವ ಆಸೆಯಿಂದ, ಪದವೀಧರರಿಗೆಂದೇ ಇರುವ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಪ್ರಬಂಧದಲ್ಲೇ ಮುಗ್ಗರಿಸಿದ್ದಳು. ಈ ಸಲ ಆನ್‌ಲೈನ್ ಕೋಚಿಂಗ್ ಸೇರಲೇಬೇಕೆಂದು ಹುಡುಕುತ್ತಿದ್ದಾಗ ಸಿಕ್ಕವನು ಬ್ರಾಡಿ. ಸಿಡ್ನಿಯ ಕಂಪನಿಯೊಂದರ 'ಹಿರಿಯ ಮಾರ್ಗದರ್ಶಕ'. ಮೀಸೆಯೇ ಇನ್ನೂ ಸರಿಯಾಗಿ ಮೂಡಿರಲಿಲ್ಲ.

"ಯಾರೂ ಇಲ್ಲ. ಯಾಕೆ?"

"ನೀವು ಕಳಿಸಿದ ಪ್ರಬಂಧ ಓದಿದೆ. ತಪ್ಪೇನಿಲ್ಲ, ಆದ್ರೆ ಒಣ ಒಣ. ವಾರ್ಡಲ್ಲಿ ಹಾಸಿಗೆ ಸಾಲಲ್ಲ ಅಂತ ಬರೆದ್ರೆ ಯಾರು ಅಳ್ತಾರೆ ಹೇಳಿ? ನಮ್ಮ ಪ್ಲಾಟಿನಂ ಕೋರ್ಸಲ್ಲಿ ಒಬ್ಬೊಬ್ಬರಿಗೂ ಒಂದೊಂದು ದುಃಖ ರೆಡಿ ಮಾಡಿ ಕೊಡ್ತೀವಿ. ಯಾವ ವಿಷಯ ಬಂದ್ರೂ ಹೊಂದತ್ತೆ."

"ಇಲ್ಲದ ದುಃಖ ಎಲ್ಲಿಂದ ತರೋದು?"

"ತಾಯಿ ಇದಾರಲ್ಲ? ಅವರನ್ನ ತೆಗೆದುಬಿಡೋಣ. ಕ್ಯಾನ್ಸರ್. ಪರೀಕ್ಷೆ ನೋಡೋರು ಡೆತ್ ಸರ್ಟಿಫಿಕೇಟ್ ಕೇಳ್ತಾರಾ?"

ಸೆಲಾಳಿಗೆ ಹೇಸಿಗೆಯೆನಿಸಿತು. ವಾರ್ಡಿನಲ್ಲಿ ಸಾಯುವವರ ಕೈ ಹಿಡಿದು ಕೂತವಳು ಅವಳು. ಆ ಹೊತ್ತಿಗೆ ಯಾರ ಬಾಯಲ್ಲೂ ಚೆಂದದ ವಾಕ್ಯ ಹೊರಟದ್ದನ್ನು ಕಂಡಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಬಿಡಬೇಕು ಅಂದುಕೊಂಡಳು. ಆದರೆ ಎರಡು ಸಲ ಸೋತ ಕೈ ಮೇಲೇಳಲಿಲ್ಲ.

ಮೇಜಿನ ಇನ್ನೊಂದು ತುದಿಯಲ್ಲಿ ಅವಳ ತಾಯಿ ಲುಪೆ, ಚರ್ಚಿನಿಂದ ಬಂದವಳೇ, ತಮ್ಮ ಟೋಂಗಾ ದ್ವೀಪದ ರೀತಿಯಲ್ಲಿ ಮಾಂಸಕ್ಕೆ ತೆಂಗಿನ ಹಾಲು ಸುರಿದು ಕೆಸುವಿನ ಎಲೆಯಲ್ಲಿ ಸುತ್ತುತ್ತಿದ್ದಳು. ಕೈ ಒರೆಸಿಕೊಂಡು ಎದ್ದು ಬಂದು, ಪರದೆಗೆ ಮುಖ ಕೊಟ್ಟಳು.

"ಏನಪ್ಪಾ, ಆ ತಾಯಿ ನಾನೇ. ನಾನು ಸತ್ರೆ ಇವಳಿಗೆ ಸೀಟು ಖಂಡಿತಾನಾ?"

ಬ್ರಾಡಿ ಕಿಂಚಿತ್ತೂ ಅಳುಕಲಿಲ್ಲ. "ಖಂಡಿತ ಅಂತ ಹೇಳಕ್ಕಾಗಲ್ಲಮ್ಮಾ, ಷರತ್ತುಗಳು ಅನ್ವಯಿಸುತ್ತವೆ. ಆದ್ರೆ ಹೋದ ವರ್ಷ ತಾಯಿ ಕಳ್ಕೊಂಡೋರ ರಿಸಲ್ಟ್ ತುಂಬಾ ಚೆನ್ನಾಗಿತ್ತು."

"ಆ ತಾಯಂದಿರೆಲ್ಲ ಈಗ ಎಲ್ಲಿದಾರೆ?"

"ನಮ್ಮ ಸನ್ಮಾನ ಸಮಾರಂಭಕ್ಕೆ ಬಂದಿದ್ರಲ್ಲ. ಇರಿ, ಫೋಟೋ ತೋರಿಸ್ತೀನಿ."

ಪರದೆಯ ತುಂಬ ಫೋಟೋ ಬಂತು. ಹೊಸ ಬಟ್ಟೆ ತೊಟ್ಟು, ಹೂಗುಚ್ಛ ಹಿಡಿದು, ಡಾಕ್ಟರಾಗಲಿರುವ ಮಕ್ಕಳ ಪಕ್ಕದಲ್ಲಿ ಸತ್ತ ತಾಯಂದಿರು ಸಾಲಾಗಿ ನಿಂತು ಹಲ್ಲು ಬಿಡುತ್ತಿದ್ದರು. ಸೆಲಾ ಅವರೆಲ್ಲರ ಮುಖದ ಮೇಲೆ ಲ್ಯಾಪ್‌ಟಾಪನ್ನು ಮುಚ್ಚಿದಳು.

ಲುಪೆ ಮುಚ್ಚಿದ ಲ್ಯಾಪ್‌ಟಾಪನ್ನೇ ನೋಡುತ್ತ ನಿಂತಿದ್ದಳು.

"ಅಲ್ಲ ಕಣೇ, ನಾಳೆ ನಂಗೆ ನಿಜವಾಗ್ಲೂ ಏನಾದ್ರೂ ಆದ್ರೆ, ನಾಡಿ ಹಿಡಿಯೋರು ಈ ಮಕ್ಕಳೇ ತಾನೇ?"